ಪೂರ್ತಿ ಟಿಕೆಟ್, ಅರ್ಧ ಪಾರ್ಕ್

ಟಿಕೆಟ್ ಕೌಂಟರಿನಲ್ಲಿ ಹೇಳಬೇಕಾದ ಮಾತನ್ನು ಗೇಟು ದಾಟಿದ ಮೇಲೆ ಬೋರ್ಡುಗಳು ಹೇಳತೊಡಗಿದರೆ, ಆ ಥೀಮ್ ಪಾರ್ಕಿನ ಮಟ್ಟ ಇಳಿದಿದೆಯೆಂದು ಧಾರಾಳವಾಗಿ ತಿಳಿಯಬಹುದು. ಮುಂಬೈಯಿಂದ ರಜೆಗೆ ಬಂದಿದ್ದ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳನ್ನು ಈ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಅಂಥದೊಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಹೆಸರು ಇಲ್ಲಿ ಅಗತ್ಯವಿಲ್ಲ. ಮಂಗಳೂರು, ಉಡುಪಿ ಆಸುಪಾಸಿನ ಎಷ್ಟೋ ಕುಟುಂಬಗಳು ಮದುವೆ, ಉಪನಯನಗಳ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳನ್ನು ಕರೆದೊಯ್ಯುವ, ಆರಂಭದ ವರ್ಷಗಳಲ್ಲಿ ನಾವೆಲ್ಲ ಮೆಚ್ಚಿ ಮಾತಾಡಿದ್ದ ಜಾಗ ಅದು ಎಂದರೆ ಸಾಕು.

ಕಡಲ ತೀರದಲ್ಲೇ ಹುಟ್ಟಿ ಬೆಳೆದವರು ದುಡ್ಡು ಕೊಟ್ಟು ಕೃತಕ ಅಲೆಗಳಲ್ಲಿ ಮುಳುಗಲು ಹೋಗುವುದೇಕೆ ಎಂದು ಘಟ್ಟದ ಮೇಲಿನ ಸ್ನೇಹಿತರು ನಗುವುದುಂಟು. ಪಣಂಬೂರು, ತಣ್ಣೀರುಬಾವಿ, ಮಲ್ಪೆ ಎಲ್ಲವೂ ಕೈಯಳತೆಯಲ್ಲಿರುವಾಗ ಆ ಪ್ರಶ್ನೆ ಸಹಜವೇ. ಆದರೆ ಇಲ್ಲಿನ ತಂದೆ ತಾಯಂದಿರಿಗೆ ಕಡಲಿನ ಸೆಳೆತ ಏನೆಂದು ಚೆನ್ನಾಗಿ ಗೊತ್ತು. ಮೊಣಕಾಲಿನ ನೀರಿಗಿಂತ ಆಚೆ ಮಕ್ಕಳನ್ನು ಬಿಡದೆ, ದಡದಲ್ಲಿ ನಿಂತು ಕೂಗಿ ಕೂಗಿ ಗಂಟಲು ಒಣಗಿಸಿಕೊಳ್ಳುವವರು ಅವರು. ಪಾರ್ಕಿನಲ್ಲಿ ಅವರು ಕೊಳ್ಳುವುದು ಕಾವಲನ್ನು. ಆಳ ಎಷ್ಟೆಂದು ಬರೆದಿರುವ, ತಳ ಕಾಣುವ, ಯಾರೋ ಒಬ್ಬ ಸೀಟಿ ಹಿಡಿದು ನಿಂತಿರುವ ನೀರಿಗಾಗಿ ಅವರು ಹಣ ಕೊಡುತ್ತಾರೆ. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮಾತ್ರ ಜನರ ಅಸಮಾಧಾನ ಎಲ್ಲಿಂದ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ.

2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್, 2005ರಲ್ಲಿ ಬೆಂಗಳೂರಿನ ಬಿಡದಿಯ ಬಳಿ ವಂಡರ್‌ಲಾ ಆರಂಭವಾದಾಗ, ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡು ಎಂದಷ್ಟೇ ತಿಳಿದಿದ್ದ ನಮ್ಮ ಕಡೆಯ ಮಕ್ಕಳಿಗೆ ಹೊಸ ಆಸೆಯೊಂದು ಹುಟ್ಟಿತು. ಅದಕ್ಕೂ ಮೊದಲು ಇಲ್ಲಿದ್ದದ್ದು ದಸರಾ ಸಮಯದ ಜಾಯಿಂಟ್ ವೀಲ್ ಮತ್ತು ಜಾತ್ರೆಯ ತೊಟ್ಟಿಲು. ಊರಿಗೊಂದು ಪಾರ್ಕ್ ಬಂದಾಗ ರಾತ್ರಿಯಿಡೀ ಶಿರಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಹೋಗುವ ಕಷ್ಟ ತಪ್ಪಿತೆಂದು ಎಲ್ಲರೂ ಸಂತೋಷಪಟ್ಟದ್ದು ಸುಳ್ಳಲ್ಲ.

ಈಗ ಕೌಂಟರಿನ ವಿಚಾರ. ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಇಷ್ಟು ಎಂದು ಎತ್ತರ ಅಳೆದು ಹಣ ಪಡೆಯುತ್ತಾರೆ. ಅಕ್ಕನ ಕಿರಿಯ ಮಗ ಗೋಡೆಯ ಗೆರೆಗಿಂತ ಒಂದು ಬೆರಳು ಎತ್ತರವಿದ್ದಾನೆಂದು ಅವನಿಗೂ ದೊಡ್ಡವರ ಟಿಕೆಟ್ ಕೊಟ್ಟರು. ನಿಯಮ ನಿಯಮವೇ, ಅದಕ್ಕೆ ತಕರಾರಿಲ್ಲ. ಗೆರೆಯ ವಿಷಯದಲ್ಲಿ ಇಷ್ಟು ನಿಖರವಾಗಿದ್ದ ಅದೇ ಕೌಂಟರು, ಒಳಗೆ ಯಾವ ಯಾವ ಆಟಗಳು ಆ ದಿನ ನಡೆಯುತ್ತಿಲ್ಲ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಕೌಂಟರಿನ ಹಿಂದಿನ ಬಣ್ಣದ ಫಲಕದಲ್ಲಿ ಎಲ್ಲ ಸವಾರಿಗಳ ಚಿತ್ರಗಳೂ ಇದ್ದವು, ಕಿರುಚುತ್ತ ಕೈಯೆತ್ತಿದ ಹುಡುಗ ಹುಡುಗಿಯರ ಸಹಿತ.

ಒಳಗೆ ಹೋದಾಗ ಆ ಚಿತ್ರದಲ್ಲಿದ್ದ ದೊಡ್ಡ ಸುರುಳಿ ಸ್ಲೈಡಿನ ಮೆಟ್ಟಿಲಿಗೆ ನೈಲಾನ್ ಹಗ್ಗ ಕಟ್ಟಿ, ಅದಕ್ಕೆ ‘ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಬೋರ್ಡನ್ನು ತೂಗುಹಾಕಿದ್ದರು. ಬೋರ್ಡು ತಗಡಿನದು, ಅಕ್ಷರಗಳು ಆಯಿಲ್ ಪೇಂಟಿನಲ್ಲಿ ಬರೆದವು. ತೂತು ಕೊರೆದ ಎರಡೂ ಮೂಲೆಗಳಿಂದ ತುಕ್ಕಿನ ನೀರು ಕೆಳಗಿಳಿದು ‘ತಾತ್ಕಾಲಿಕ’ದ ಮೊದಲ ಅಕ್ಷರ ಅರ್ಧ ಅಳಿಸಿಹೋಗಿತ್ತು. ಹಗ್ಗದ ಗಂಟಿನಲ್ಲಿ ಒಣಗಿದ ಪಾಚಿ ಇತ್ತು. ಪಾಚಿ ಹಿಡಿಯಬೇಕಾದರೆ ಆ ಗಂಟು ಕನಿಷ್ಠ ಒಂದು ಮಳೆಗಾಲವನ್ನಾದರೂ ಕಂಡಿರಬೇಕು. ಅಲ್ಲಿ ನಿಂತಿದ್ದ, ಆರಂಭದಿಂದಲೂ ಇದ್ದಾನೆಂದು ತೋರುವ ಹಿರಿಯ ಆಪರೇಟರನ್ನು ಕೇಳಿದೆ. “ಎಂತ ಮಾಡುವುದು ಸರ್, ಮೇಲಿನ ಪಂಪ್ ಹೋಗಿ ತುಂಬಾ ಸಮಯ ಆಯಿತು. ಸಾಮಾನು ಬರಬೇಕು ಅಂತ ಹೇಳ್ತಾರೆ. ನಾವು ದಿನಾ ಬೈಸಿಕೊಳ್ಳುವುದು,” ಎಂದರು. ಬೈಗುಳ ತಿನ್ನಲೆಂದೇ ಒಬ್ಬರನ್ನು ಸಂಬಳ ಕೊಟ್ಟು ನಿಲ್ಲಿಸಿರುವುದು ಪಂಪ್ ದುರಸ್ತಿಗಿಂತ ಅಗ್ಗವೆಂದು ಆಡಳಿತದವರು ಕಂಡುಕೊಂಡಿರಬೇಕು.

ತೆರೆದಿದ್ದ ಸ್ಲೈಡುಗಳ ಕಥೆಯೂ ಪಂಪಿನದೇ. ಮೇಲಿನಿಂದ ಹರಿದು ಬರುವ ನೀರೇ ಸ್ಲೈಡಿನ ಜೀವಾಳ. ಸವಾರನ ಮೈ ಮತ್ತು ಫೈಬರಿನ ನಡುವೆ ತೆಳುವಾದ ನೀರಿನ ಪದರ ಇರುವವರೆಗೆ ಜಾರುವುದು ಸುಖ. ಹರಿವು ಕಡಿಮೆಯಾದರೆ ಇಳಿಜಾರು ಕಡಿಮೆಯಿರುವ ತಿರುವಿನಲ್ಲಿ ಸವಾರ ನಿಂತುಬಿಡುತ್ತಾನೆ, ಕೈಯೂರಿ ತಳ್ಳಿಕೊಂಡು ಮುಂದೆ ಸಾಗುತ್ತಾನೆ, ಅಷ್ಟರಲ್ಲಿ ಹಿಂದಿನವನು ಬಂದು ಬೆನ್ನಿಗೆ ಒದೆಯುತ್ತಾನೆ. ಅಕ್ಕನ ಹಿರಿಯ ಮಗಳು ಹಾಗೆ ನಡುದಾರಿಯಲ್ಲಿ ನಿಂತು, ಎರಡು ತುಂಡುಗಳು ಸೇರುವ ಅಂಚಿಗೆ ಮೊಣಕೈ ತರಚಿಕೊಂಡು ಕೆಳಗೆ ಬಂದಳು. ಫೈಬರ್ ಸ್ಲೈಡಿನ ಹೊರಮೈಗೆ ಜೆಲ್‌ಕೋಟ್ ಎಂಬ ನುಣುಪಾದ ಲೇಪವಿರುತ್ತದೆ. ಬಿಸಿಲಿಗೆ ಅದು ಬಿಳಚಿ, ಸವೆದು, ಒಳಗಿನ ಗಾಜಿನ ನಾರು ಮೇಲೆ ಬಂದರೆ ಮುಟ್ಟಿದ ಕೈಗೆ ತುರಿಕೆ ಹಿಡಿಯುತ್ತದೆ. ಅದನ್ನು ಕಾಲಕಾಲಕ್ಕೆ ಉಜ್ಜಿ, ಮೇಣ ತಿಕ್ಕಿ, ಸೇರುವೆಗಳಲ್ಲಿ ಸೀಲಂಟ್ ತುಂಬಬೇಕು. ದೊಡ್ಡ ವಿದ್ಯೆಯೇನಲ್ಲ, ಮಾಡುವ ಕೈಗಳು ಬೇಕು, ಅಷ್ಟೇ.

ಪ್ರಥಮ ಚಿಕಿತ್ಸೆಯ ಕೋಣೆಗೆ ಬೀಗವಿತ್ತು. ಕೀ ಇದ್ದವರು ಊಟಕ್ಕೆ ಹೋಗಿದ್ದರು. ಕೊನೆಗೆ ಐಸ್‌ಕ್ರೀಮ್ ಅಂಗಡಿಯ ಹುಡುಗಿ ತನ್ನ ಬ್ಯಾಗಿನಿಂದ ಬ್ಯಾಂಡೇಜ್ ತೆಗೆದುಕೊಟ್ಟಳು.

ನೀರಿನ ವಿಚಾರ ಇನ್ನೂ ಗಂಭೀರವಾದದ್ದು. ಕೊಳದ ನೀರನ್ನು ಯಾವ ಪಾರ್ಕಿನವರೂ ದಿನಾ ಬದಲಿಸುವುದಿಲ್ಲ, ಬದಲಿಸಬೇಕಾಗಿಯೂ ಇಲ್ಲ. ಅದನ್ನು ಸದಾ ತಿರುಗಿಸುತ್ತ, ಮರಳಿನ ಫಿಲ್ಟರಿನಲ್ಲಿ ಸೋಸುತ್ತ, ಕ್ಲೋರಿನ್ ಬೆರೆಸುತ್ತ, ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ತೋರಿಸುವ ಪಿಎಚ್ ಮಟ್ಟವನ್ನು 7.2ರಿಂದ 7.8ರ ನಡುವೆ ಹಿಡಿದಿಟ್ಟರೆ ಸಾಕು. ಆದರೆ ಫಿಲ್ಟರಿನಲ್ಲಿ ಕೂತ ಕೊಳೆಯನ್ನು ಹೊರಹಾಕಲು ಆಗಾಗ ನೀರನ್ನು ಉಲ್ಟಾ ಹಾಯಿಸಿ ತೊಳೆಯಬೇಕಾಗುತ್ತದೆ, ಹಾಗೆ ತೊಳೆದ ನೀರು ಚರಂಡಿಗೆ ಹೋಗುತ್ತದೆ. ನಮ್ಮಲ್ಲಿ ಪಾರ್ಕುಗಳಿಗೆ ಜನ ಮುಗಿಬೀಳುವ ಮೇ ತಿಂಗಳೇ ನೀರಿನ ಬರದ ತಿಂಗಳೂ ಹೌದು. 2019ರ ಮೇಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿನ ಮನೆಗಳಿಗೇ ಸರದಿಯ ಮೇಲೆ ನೀರು ಬಂದದ್ದು, ಅದೇ ವರ್ಷ ಬಜೆ ಅಣೆಕಟ್ಟನ್ನು ನಂಬಿದ್ದ ಉಡುಪಿಯವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಟ್ಯಾಂಕರಿಗೆ ಹಣ ಕೊಟ್ಟು ತರಿಸಿದ ನೀರನ್ನು ಚರಂಡಿಗೆ ಬಿಡಲು ಯಾವ ಮ್ಯಾನೇಜರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ತೊಳೆಯುವ ಕೆಲಸ ನಾಳೆಗೆ, ನಾಡಿದ್ದಿಗೆ ಹೋಗುತ್ತದೆ; ಇತ್ತ ಕೊಳದಲ್ಲಿ ಜನ ಇಮ್ಮಡಿಯಾಗುತ್ತಾರೆ.

ಫಲವನ್ನು ಕಣ್ಣೂ ಮೂಗೂ ಹೇಳುತ್ತವೆ. ಕೊಳದ ಹತ್ತಿರ ಬಂದೊಡನೆ ಘಾಟು ಹೊಡೆದಾಗ ನಮ್ಮ ಪಕ್ಕದಲ್ಲಿದ್ದ ಹಿರಿಯರೊಬ್ಬರು “ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ” ಎಂದು ಮೆಚ್ಚಿಕೊಂಡರು. ವಾಸ್ತವದಲ್ಲಿ ಆ ಘಾಟು ಬಹುಪಾಲು ಕ್ಲೋರಮೈನ್‌ಗಳದು. ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಕೂಡಿದಾಗ ಅವು ಹುಟ್ಟುತ್ತವೆ. ಕಣ್ಣುರಿಗೂ ಅವೇ ಕಾರಣ. ಸರಿಯಾಗಿ ನೋಡಿಕೊಂಡ ಕೊಳಕ್ಕೆ ಅಷ್ಟೊಂದು ವಾಸನೆ ಇರುವುದಿಲ್ಲ. ವೇವ್ ಪೂಲಿನಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೆಳಗೆ ನೋಡಿದರೆ ನನ್ನ ಪಾದ ನನಗೆ ಕಾಣಲಿಲ್ಲ. ಇದನ್ನು ಬರಿಯ ಅಸಹ್ಯದ ಮಾತಾಗಿ ಹೇಳುತ್ತಿಲ್ಲ. ತಳ ಕಾಣದ ನೀರಿನಲ್ಲಿ ಮಗುವೊಂದು ಮುಳುಗಿದರೆ ಅತ್ಯಂತ ಚುರುಕಾದ ಲೈಫ್ ಗಾರ್ಡಿಗೂ ಕಾಣುವುದಿಲ್ಲ, ಮತ್ತು ಅಲ್ಲಿದ್ದ ಲೈಫ್ ಗಾರ್ಡ್ ಚುರುಕಾಗಿಯೂ ಇರಲಿಲ್ಲ. ಎತ್ತರದ ಕುರ್ಚಿ ಖಾಲಿಯಿತ್ತು; ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಎರಡು ಕೊಳಗಳ ನಡುವಿನ ನೆರಳಿನಲ್ಲಿ ಕುಳಿತು ಒಂದು ಕಣ್ಣನ್ನು ಮೊಬೈಲಿಗೆ ಕೊಟ್ಟಿದ್ದ. ಅವನನ್ನು ಬೈದು ಪ್ರಯೋಜನವಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಬದಲಿ ಆಳಿಲ್ಲದೆ ಬಿಸಿಲಿನಲ್ಲಿ ಎರಡು ಕೊಳ ಕಾಯಲು ಒಬ್ಬನನ್ನು ಕೂರಿಸಿದವರು ಯಾರೋ ಅವರನ್ನೇ ಕೇಳಬೇಕು.

ಭಾವ ಬಹುಕಾಲ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಆಟಗಳಿಗಿಂತ ಆಟಗಳ ಕಾಲುಗಳನ್ನು ನೋಡುತ್ತ ತಿರುಗುವುದೇ ಅವರಿಗೆ ಇಷ್ಟ. “ಬಾ ಇಲ್ಲಿ, ಇದನ್ನು ನೋಡು,” ಎಂದು ನನ್ನನ್ನು ತಿರುಗುವ ತೊಟ್ಟಿಲೊಂದರ ಬುಡಕ್ಕೆ ಕರೆದರು. ಕಂಬದ ಬುಡದಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಅವರು ಉಗುರಿನಿಂದ ಎಬ್ಬಿಸಿದಾಗ ಕೆಂಪು, ಅದರಡಿ ನೀಲಿ, ಅದರಡಿ ಹಳದಿ ಪದರಗಳು ಒಟ್ಟಿಗೆ ಎದ್ದು ಬಂದವು, ಅಡಿಯಲ್ಲಿ ಪುಡಿಪುಡಿಯಾದ ಕಂದು ತುಕ್ಕು. ತುಕ್ಕನ್ನು ಕೆರೆದು ತೆಗೆಯದೆ, ಪ್ರೈಮರ್ ಬಳಿಯದೆ, ಪ್ರತಿ ವರ್ಷ ಮೇಲಿಂದ ಮೇಲೆ ಬಣ್ಣ ಬಳಿದದ್ದಕ್ಕೆ ಅದೇ ಸಾಕ್ಷಿ. ಉಪ್ಪು ಗಾಳಿಯಲ್ಲಿ ಕಬ್ಬಿಣದ ಮೇಲೆ ಬಣ್ಣದ ಒಂದು ಸೂಜಿಮೊನೆಯಷ್ಟು ಬಿರುಕು ಸಿಕ್ಕರೂ ಒಳಗೊಳಗೇ ತುಕ್ಕು ಹರಡುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ ಎಂದು ಅವರು ವಿವರಿಸಿದರು. “ಹಡಗಿನಲ್ಲಿ ಹೀಗೆ ಮಾಡಿದರೆ ಸರ್ವೆಗೆ ಬಂದವರು ಅಲ್ಲೇ ನಿಲ್ಲಿಸುತ್ತಾರೆ,” ಎಂದವರು, ಮಕ್ಕಳನ್ನು ಆ ತೊಟ್ಟಿಲು ಹತ್ತಲು ಬಿಡಲಿಲ್ಲ. ಭಾರತೀಯ ಮಾನಕ ಬ್ಯೂರೋ ಇಂಥ ಸವಾರಿಗಳ ಸುರಕ್ಷತೆಗೆಂದೇ ಮಾನದಂಡ ರೂಪಿಸಿದೆ, ಅದರಲ್ಲಿ ನಿರ್ವಹಣೆ ಮತ್ತು ತಪಾಸಣೆಯ ಮಾತೂ ಇದೆ. ಆ ದಿನದ ತಪಾಸಣೆ ಯಾರು ಮಾಡಿದರು, ಯಾವಾಗ ಮಾಡಿದರು ಎಂಬ ಒಂದು ಚೀಟಿಯನ್ನು ಸವಾರಿಯ ಬಾಗಿಲಲ್ಲಿ ಅಂಟಿಸುವುದಕ್ಕೆ ಎಷ್ಟು ಖರ್ಚಾದೀತು?

ಹೋಲಿಸಿದರೆ, ಜಾತ್ರೆಯ ತೊಟ್ಟಿಲಿನವರ ಬಗ್ಗೆ ನಾವು ಸಾಮಾನ್ಯವಾಗಿ ಹಗುರವಾಗಿ ಮಾತಾಡುತ್ತೇವೆ. ಅವರದ್ದರಲ್ಲೂ ಅಪಾಯವಿಲ್ಲದಿಲ್ಲ. ಆದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಾಗ ಅವರು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಲೇಬೇಕು, ಹಾಗಾಗಿ ಪ್ರತಿಯೊಂದು ಬೋಲ್ಟೂ ವರ್ಷಕ್ಕೆ ಹಲವು ಬಾರಿ ಒಬ್ಬ ಮನುಷ್ಯನ ಕೈಗೆ ಬರುತ್ತದೆ. ಕಾಂಕ್ರೀಟಿನಲ್ಲಿ ನೆಟ್ಟ ಸವಾರಿಗೆ ಆ ಭಾಗ್ಯ ತಾನಾಗಿ ಬರುವುದಿಲ್ಲ, ಯಾರಾದರೂ ನೆನಪಿಟ್ಟು ಮಾಡಬೇಕು.

ಟಿಕೆಟಿನ ಮೇಲೆ ಬೀಳುವ ಹೆಚ್ಚುವರಿ ಖರ್ಚುಗಳ ಪಟ್ಟಿ ಎಲ್ಲರಿಗೂ ಪರಿಚಿತವಾದದ್ದೇ: ಪಾರ್ಕಿಂಗ್, ಲಾಕರ್, ಟ್ಯೂಬ್, ಗೇಟಿನಲ್ಲಿ ಮನೆಯ ನೀರಿನ ಬಾಟಲಿಯನ್ನು ತೆಗೆದಿಟ್ಟುಕೊಂಡು ಒಳಗೆ ಬೇರೆ ಮಾರುವುದು. ಹತ್ತಿ ಬಟ್ಟೆಯ ನಾರು ಫಿಲ್ಟರಿಗೆ ಸಿಕ್ಕಿಕೊಳ್ಳುವುದರಿಂದ ನೈಲಾನ್ ಕಾಸ್ಟ್ಯೂಮ್ ಕಡ್ಡಾಯ ಎನ್ನುವುದರಲ್ಲಿ ಅರ್ಥವಿದೆ, ಒಪ್ಪುತ್ತೇನೆ. ಆದರೆ ಬಾಡಿಗೆಗೆ ಕೊಟ್ಟ ಕಾಸ್ಟ್ಯೂಮಿನ ಸೊಂಟದ ಇಲಾಸ್ಟಿಕ್ ಸತ್ತುಹೋಗಿ, ಹಿಂದಿನವರ ಒದ್ದೆಯೂ ಆರದಿದ್ದರೆ ಅಕ್ಕನಂಥವರು ದಿನವಿಡೀ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಓಡಾಡಬೇಕಾಗುತ್ತದೆ. ಫಿಲ್ಟರಿನ ಆರೋಗ್ಯದ ಬಗ್ಗೆ ಅಷ್ಟು ಕಾಳಜಿ ಇದ್ದವರು ಅದನ್ನು ತೊಳೆಯಬಾರದೇ ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇದೆ.

ಪಾರ್ಕ್ ನಡೆಸುವವರ ಕಷ್ಟ ನನಗೆ ತಿಳಿಯದ್ದಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರಿಗೂ ಮಿಗಿಲು, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ನೀರಾಟಕ್ಕೆ ಹಣ ಕೊಟ್ಟು ಬರುವವರು ಯಾರು? ಸಂಪಾದನೆಯೆಲ್ಲ ಕ್ರಿಸ್ಮಸ್ ರಜೆಯಲ್ಲಿ ಮತ್ತು ಏಪ್ರಿಲ್, ಮೇ ತಿಂಗಳಲ್ಲಿ ಆಗಬೇಕು. ವೇವ್ ಪೂಲಿನ ಬ್ಲೋವರುಗಳು, ಸ್ಲೈಡಿನ ಪಂಪುಗಳು ನುಂಗುವ ಕರೆಂಟು ಸಣ್ಣ ಮೊತ್ತವಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಇಂಥ ಪಾರ್ಕುಗಳ ಪ್ರವೇಶದ ಮೇಲೆ 28% ತೆರಿಗೆ ಬಿದ್ದಿತ್ತು. 2018ರ ಜನವರಿಯಲ್ಲಿ ಅದನ್ನು 18%ಕ್ಕೆ ಇಳಿಸಿದರು. ಆ ಇಳಿಕೆ ನಮ್ಮ ಟಿಕೆಟಿನಲ್ಲಿ ಕಂಡ ನೆನಪು ನನಗಿಲ್ಲ, ಅದು ಬೇರೆ ಮಾತು.

ಆದರೆ ಮಳೆ, ಉಪ್ಪು ಗಾಳಿ, ಬೇಸಗೆಯ ನೀರಿನ ಬರ ಇವು ಯಾವುವೂ ಪಾರ್ಕ್ ಕಟ್ಟಿದ ಮೇಲೆ ಬಂದ ಅತಿಥಿಗಳಲ್ಲ. ಇದೇ ಕರಾವಳಿಯಲ್ಲಿ ಇದೇ ಗಾಳಿಗೆ ಒಡ್ಡಿಕೊಂಡು ಮಲ್ಪೆಯ, ಬಂದರಿನ ಬೋಟುಗಳು ದುಡಿಯುತ್ತವೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಅವಧಿಯಲ್ಲಿ ಬೋಟಿನ ಮಾಲಕರಿಗೆ ಸಂಪಾದನೆ ಇಲ್ಲದಿದ್ದರೂ ಖರ್ಚಿನ ಕಾಲ ಅದೇ. ಬೋಟನ್ನು ದಡಕ್ಕೆಳೆದು, ಅಡಿಭಾಗ ಕೆರೆದು, ಎಂಜಿನ್ ಬಿಚ್ಚಿ, ಬಲೆ ಹೊಲಿದು, ಆಗಸ್ಟಿಗೆ ಸಿದ್ಧ ಮಾಡುತ್ತಾರೆ. ಸಾಲ ಮಾಡಿಯಾದರೂ ಮಾಡುತ್ತಾರೆ, ಏಕೆಂದರೆ ನಡುಗಡಲಿನಲ್ಲಿ ನಿಂತ ಎಂಜಿನ್ನಿಗೆ ಹಗ್ಗ ಕಟ್ಟಿ ಬೋರ್ಡು ತೂಗುಹಾಕಿದರೆ ನಡೆಯುವುದಿಲ್ಲ. ಪಾರ್ಕುಗಳಿಗೂ ಪ್ರಕೃತಿ ಅದೇ ಬಿಡುವನ್ನು ಕೊಟ್ಟಿದೆ. ಆ ಬಿಡುವಿನಲ್ಲಿ ಕೆಲಸದವರನ್ನು ಮನೆಗೆ ಕಳಿಸಿ ಸಂಬಳ ಉಳಿಸಿದರೆ, ಅಕ್ಟೋಬರಿನಲ್ಲಿ ಜನ ಮತ್ತೆ ಬರತೊಡಗುವಾಗ ಅನುಭವಸ್ಥ ಆಪರೇಟರ್ ಕೊಲ್ಲಿ ದೇಶಕ್ಕೆ ಹೋಗಿರುತ್ತಾನೆ, ಪಂಪಿನ ಬೇರಿಂಗ್ ಹಿಡಿದಿರುತ್ತದೆ, ಉಳಿದಿರುವುದು ಒಂದು ಡಬ್ಬಿ ಬಣ್ಣ ಮಾತ್ರ.

ಸಂದರ್ಶಕರ ಗೊಣಗಾಟ ನಮ್ಮ ಊರಿಗಷ್ಟೇ ಸೀಮಿತವಲ್ಲ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅದರ ಹೆಗ್ಗಳಿಕೆಗಳಲ್ಲಿ ಶುಚಿತ್ವವೇ ದೊಡ್ಡದಾಗಿತ್ತು. ಅಂಥ ಕಡೆಯಲ್ಲೂ, ಸರದಿಯಲ್ಲಿ ಕಾಯುವುದನ್ನು ಕಡಿಮೆ ಮಾಡುವ, 1999ರಿಂದ ಉಚಿತವಾಗಿದ್ದ ‘ಫಾಸ್ಟ್‌ಪಾಸ್’ ಸೌಲಭ್ಯವನ್ನು ನಿಲ್ಲಿಸಿ 2021ರಲ್ಲಿ ಅದರ ಜಾಗಕ್ಕೆ ಹಣ ತೆತ್ತು ಪಡೆಯುವ ಸೇವೆ ತಂದಾಗ ಹಳೆಯ ಅಭಿಮಾನಿಗಳು ಸಿಟ್ಟಾದರು. ಅಲ್ಲಿ ಸರದಿಯಲ್ಲಿ ಕಡಿಮೆ ನಿಲ್ಲಲು ಹಣ ಕೇಳುತ್ತಾರೆ. ಇಲ್ಲಿ ಅರ್ಧ ಸವಾರಿಗಳು ನಿಂತಿರುವುದರಿಂದ ಉಳಿದರ್ಧದ ಮುಂದೆ ಎಲ್ಲರೂ ಸಮಾನವಾಗಿ ನಿಲ್ಲುತ್ತಾರೆ. ನಮ್ಮ ದೇಶದಲ್ಲಿ 1984ರಲ್ಲಿ ಆರಂಭವಾದ ದೆಹಲಿಯ ಅಪ್ಪು ಘರ್ 2008ರಲ್ಲಿ, 1989ರಲ್ಲಿ ಆರಂಭವಾದ ಮುಂಬೈಯ ಎಸ್ಸೆಲ್‌ವರ್ಲ್ಡ್ 2022ರಲ್ಲಿ ಮುಚ್ಚಿದವು. ಕಾರಣಗಳು ಬೇರೆ ಬೇರೆ. ಭಾವನಿಗೆ ಎಸ್ಸೆಲ್‌ವರ್ಲ್ಡಿನ ಬಗ್ಗೆ ಈಗಲೂ ವಿಶ್ವಾಸವಿದೆ. ಮುಚ್ಚಿದ್ದನ್ನು ಮುಚ್ಚಿದೆ ಎಂದು ಹೇಳಿದರು, ತೆರೆದಿದೆ ಎಂದು ಟಿಕೆಟ್ ಹರಿಯಲಿಲ್ಲ ಎನ್ನುವುದು ಅವರ ವಾದ.

ಅಲ್ಲಿಯೇ ನನ್ನ ತಕರಾರಿನ ತಿರುಳೂ ಇದೆ. ಯಂತ್ರ ಕೆಡುತ್ತದೆ, ಸಾಮಾನು ತಡವಾಗುತ್ತದೆ, ಜನ ಅದನ್ನು ಸಹಿಸುತ್ತಾರೆ. ಬಸ್ಸು ಕೆಟ್ಟು ನಿಂತರೆ ಇಳಿದು ತಳ್ಳುವ ಜನ ನಾವು. ಕೆಟ್ಟಿರುವುದನ್ನು ಬಚ್ಚಿಟ್ಟು ಪೂರ್ತಿ ಹಣ ಪಡೆದದ್ದನ್ನು ಮಾತ್ರ ಸಹಿಸುವುದು ಕಷ್ಟ. ಕೌಂಟರಿನಲ್ಲಿ “ಇವತ್ತು ಇಂತಿಂಥ ಸವಾರಿಗಳಿಲ್ಲ, ದರದಲ್ಲಿ ಇಷ್ಟು ಕಡಿತ” ಎಂದು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರೆ ನಾವು ಬಹುಶಃ ಆಗಲೂ ಒಳಗೆ ಹೋಗುತ್ತಿದ್ದೆವು. ಮಕ್ಕಳು ಅಷ್ಟು ದೂರ ಬಂದು ಹಿಂದೆ ಹೋಗಲು ಒಪ್ಪುವುದಿಲ್ಲ ಎಂಬುದು ಪಾರ್ಕಿನವರಿಗೂ ಗೊತ್ತು, ನಮಗೂ ಗೊತ್ತು.

2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇಂಥದನ್ನು ಸೇವಾ ನ್ಯೂನತೆ ಎಂದು ಪ್ರಶ್ನಿಸಲು ದಾರಿ ಕೊಡುತ್ತದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಗ್ರಾಹಕ ಆಯೋಗಗಳಿವೆ, ರಾಷ್ಟ್ರೀಯ ಸಹಾಯವಾಣಿ 1915 ಇದೆ. ಆದರೆ ರಜೆಯ ಒಂದು ದಿನ ಹಾಳಾಯಿತೆಂದು ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ರಜೆ ಮುಗಿಯುತ್ತದೆ, ಮುಂಬೈಯವರು ರೈಲು ಹತ್ತುತ್ತಾರೆ, ಟಿಕೆಟಿನ ತುಂಡು ಒಗೆಯುವ ಬಟ್ಟೆಯ ಜೇಬಿನಲ್ಲಿ ಕರಗುತ್ತದೆ. ಪಾರ್ಕುಗಳು ನೆಚ್ಚಿಕೊಂಡಿರುವುದೂ ಇದನ್ನೇ.

ನಾನು ಟಿಕೆಟುಗಳನ್ನೂ ಬೋರ್ಡಿನ, ಕಂಬದ ಬುಡದ ಫೋಟೋಗಳನ್ನೂ ಇಟ್ಟುಕೊಂಡು ಆಡಳಿತಕ್ಕೆ ಪತ್ರ ಬರೆದೆ. ಹಣ ಹಿಂದಿರುಗಿಸಿ ಎಂದು ಕೇಳಲಿಲ್ಲ. ನಡೆಯುವ ಮತ್ತು ನಡೆಯದ ಸವಾರಿಗಳ ಪಟ್ಟಿಯನ್ನು ಪ್ರತಿದಿನ ಕೌಂಟರಿನಲ್ಲಿ ಹಾಕಬೇಕು, ಪ್ರತಿ ಕೊಳಕ್ಕೂ ಒಬ್ಬ ಲೈಫ್ ಗಾರ್ಡ್ ಇರಬೇಕು, ಪ್ರಥಮ ಚಿಕಿತ್ಸೆಯ ಕೋಣೆಯ ಕೀ ಊಟಕ್ಕೆ ಹೋಗಬಾರದು ಎಂದಷ್ಟೇ ಬರೆದಿದ್ದೆ. ಉತ್ತರವಾಗಿ, ನಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಹೇಳುವ ಎರಡು ಸಾಲುಗಳೂ ಇಬ್ಬರಿಗೆ ಉಚಿತ ಪ್ರವೇಶದ ಒಂದು ಕೂಪನ್ನೂ ಬಂದವು. ಕೂಪನ್ನಿನ ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿ ಷರತ್ತುಗಳಿವೆ: ಶನಿವಾರ, ಭಾನುವಾರ ಮತ್ತು ಸರಕಾರಿ ರಜಾದಿನಗಳಲ್ಲಿ ಅನ್ವಯಿಸುವುದಿಲ್ಲ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಮಾತ್ರ ಬಳಸತಕ್ಕದ್ದು, ಮಳೆಯ ಕಾರಣ ಸವಾರಿಗಳು ಸ್ಥಗಿತಗೊಂಡರೆ ಆಡಳಿತ ಹೊಣೆಯಲ್ಲ. ಭಾವ ಅದರ ಫೋಟೋವನ್ನು ಮುಂಬೈಗೆ ತರಿಸಿಕೊಂಡು ಮನೆಯವರಿಗೆಲ್ಲ ಓದಿ ಹೇಳಿದರಂತೆ. ನಾನು ಅದನ್ನು ಟಿಕೆಟುಗಳ ಜೊತೆಗೇ ಫೈಲಿನಲ್ಲಿ ಇಟ್ಟಿದ್ದೇನೆ. ಆಯೋಗಕ್ಕೆ ಹೋಗುವುದೆಂದು ತೀರ್ಮಾನವಾದರೆ ಅದೂ ಒಂದು ದಾಖಲೆಯೇ.